ತೊರೆಹಳ್ಳಿ ಕೆರೆಯ ಹರಿಗೋಲು

“ಏ ಮುಂಡೆ, ಕಿವಿ ಕೇಳಿಸ್ಲಿಲ್ವ? ಆ ಕೊಳಕು ಬುಟ್ಟೀನ ಎಳ್ದು ಅತ್ಲಾಗ್ ಹಾಕು ಅಂದೆ,” ಎನ್ನುತ್ತ ಊರ ಗೌಡ ಪಾಪಣ್ಣ ಹರಿಗೋಲಿಗೆ ಕಾಲಿನಿಂದ ಒದ್ದ.

ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ ಕೊಂಡಮ್ಮನ ಕೈ ನಿಂತಿತು. ಊರಾಚೆಯ ಕಾಲೋನಿಯಲ್ಲಿ ಅವಳ ಮನೆ ನಿಂತಿದ್ದು ಪಾಪಣ್ಣನ ಹೊಲದ ಅಂಚಿನಲ್ಲಿ. ಮಗಳು ಜಯಂತಿ ಹೂ ಬಿಡಿಸಲು ಹೋಗುತ್ತಿದ್ದದ್ದು ಅವನ ಗುಲಾಬಿ ಶೆಡ್ಡಿಗೆ. ಅವಳು ಹರಿಗೋಲನ್ನು ಎಳೆದು ಜಾಲಿಗಿಡದ ಮರೆಗೆ ಹಾಕಿದಳು.

ಅವತ್ತು ಕೆರೆಯ ದಡದಲ್ಲಿ ಸರ್ಕಾರದ ರಕ್ಷಣಾ ಠಾಣೆ ಶುರುವಾಗುವುದಿತ್ತು. ಹರಿಗೋಲು ಇಡುತ್ತಿದ್ದ ಹಳೆಯ ಗುಡಿಸಲನ್ನು ಕಿತ್ತು ಸಿಮೆಂಟಿನ ಕೋಣೆ ಕಟ್ಟಿದ್ದರು. ಮುಂದೆ ಕಿತ್ತಳೆ ಬಣ್ಣದ ಮೋಟಾರು ದೋಣಿ, ಅದಕ್ಕೆ ಕುಂಕುಮ, ಮಲ್ಲಿಗೆಹಾರ. ಠಾಣೆಯ ಇತಿಹಾಸವನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಹೊಸೂರಿನಿಂದ ಅಧಿಕಾರಿ ಉಷಾರಾಣಿ ನೋಟುಬುಕ್ಕು ಹಿಡಿದು ಬಂದಿದ್ದಳು. ಈ ಕೆರೆಯಲ್ಲಿ ಇಷ್ಟು ವರ್ಷ ಮುಳುಗುವವರನ್ನು ಕಾಯುತ್ತಿದ್ದವರು ಯಾರು ಎಂದು ಅವಳು ತಮಿಳಿನಲ್ಲಿ ಕೇಳಿದಳು; ಗಡಿಯ ಊರಾದರೂ ಸೇರಿದ್ದು ತಮಿಳು ಸೀಮೆಗೆ. ಪಾಪಣ್ಣ ಕುರ್ಚಿಯಲ್ಲಿ ಕೂತು ತಮಿಳಿನಲ್ಲೇ ಹೇಳತೊಡಗಿದ. ಕೆರೆ ಏರಿ ಒಡೆದ ವರ್ಷ ತನ್ನ ತಾತ ಹನ್ನೊಂದು ಜನರನ್ನು ಉಳಿಸಿದನಂತೆ. ಆಮೇಲೆ ತನ್ನ ತಂದೆ ಹರಿಗೋಲು ಇಟ್ಟನಂತೆ. ಕಾಲೋನಿಯವರು ಬರೀ ಹಗ್ಗ ಹಿಡಿದವರಂತೆ. ಉಷಾರಾಣಿ ಬರೆದುಕೊಂಡಳು.

ಕೊಂಡಮ್ಮನಿಗೆ ತಮಿಳು ತಿಳಿಯುತ್ತಿತ್ತು. ಆ ಹನ್ನೊಂದು ಜನರನ್ನು ದಡ ಸೇರಿಸಿದವನು ತನ್ನ ಗಂಡನ ತಾತ ಮುತ್ತರಾಯಪ್ಪ. ದಡ ಸೇರಿದವರು ಅವನು ಮುಟ್ಟಿದ್ದಕ್ಕೆ ಗಂಜಳ ಚಿಮುಕಿಸಿಕೊಂಡೇ ಮನೆಯೊಳಕ್ಕೆ ಹೋದರಂತೆ. ಅವನಾದ ಮೇಲೆ ಮಗ ಮುನೀಶ. ಹೆಣ ತೇಲಿತೆಂದರೆ ಉಣ್ಣುತ್ತಿದ್ದ ತಟ್ಟೆ ಬಿಡಿಸಿ ಅವನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಅವನಾದ ಮೇಲೆ ತನ್ನ ಗಂಡ ವೇಣು. ನಾಲ್ಕು ವರ್ಷದ ಹಿಂದೆ ಪಾಪಣ್ಣನ ಮಗ ಬಾಲಾಜಿ ಕುಡಿದು ಕೆರೆಗೆ ಬಿದ್ದಾಗ, ವೇಣು ಅವನನ್ನು ಹರಿಗೋಲಿಗೆ ನೂಕಿ ತಾನು ಕೆರೆಯ ಮೇಲೆ ನಿಲ್ಲುವ ಕೊಳಕು ನೊರೆಯಡಿ ಹೋಗಿಬಿಟ್ಟ. ಹೆಣ ಸಿಕ್ಕಿದ್ದು ಮೂರನೆಯ ದಿನ. ಅವನ ಜೊತೆ ಹುಟ್ಟು ಹಾಕುತ್ತಿದ್ದ ಕೊಂಡಮ್ಮ ಅಲ್ಲಿಂದೀಚೆಗೆ ನೀರಿಗೆ ಕಾಲಿಟ್ಟಿರಲಿಲ್ಲ. ಆದರೂ ವರ್ಷ ವರ್ಷವೂ ಹರಿಗೋಲಿಗೆ ಡಾಂಬರು ಬಳಿಯುವುದನ್ನು ಬಿಟ್ಟಿರಲಿಲ್ಲ.

ಪಕ್ಕದಲ್ಲಿದ್ದ ಓರಗಿತ್ತಿ ಕಮಲಮ್ಮ ತಿವಿದಳು. ಕೊಂಡಮ್ಮ ಎರಡು ಹೆಜ್ಜೆ ಮುಂದೆ ಹೋಗಿ, ಅದು ಸುಳ್ಳು ಕಣಮ್ಮ ಎಂದಳು. ಎಂದಳೋ ಇಲ್ಲವೋ, ಅವಳಿಗೇ ಕೇಳಿಸಲಿಲ್ಲ.

ಪಾಪಣ್ಣ ತಿರುಗಿದ. ಬೈಯಲಿಲ್ಲ. ಮೆಲ್ಲಗೆ ಕೇಳಿದ, “ಜಯಂತಿ ನಾಳಿಂದ ಕೆಲ್ಸಕ್ ಬರಾದ್ ಬ್ಯಾಡ್ವೇನೆ?”

ಕೊಂಡಮ್ಮ ಹಿಂದೆ ಸರಿದು ನಿಂತಳು.

ಬಿಸಿಲು ನೆತ್ತಿಗೆ ಬಂದಾಗ ದೋಣಿಯನ್ನು ನೀರಿಗಿಳಿಸಿದರು. ಪಾಪಣ್ಣ, ಉಷಾರಾಣಿ, ದೋಣಿ ಓಡಿಸುವವನು, ಮೂರೇ ಜನ. ಫೋಟೋ ಚೆನ್ನಾಗಿ ಬರಲೆಂದು ಪಾಪಣ್ಣ, ಉಷಾರಾಣಿ ಇಬ್ಬರೂ ತೇಲುವ ಜಾಕೀಟು ತೆಗೆದಿಟ್ಟರು. ಮೇಲಿನ ಊರುಗಳ ಕೊಳಕೆಲ್ಲ ಹೊತ್ತು ಬರುವ ಹಳ್ಳ ಕೆರೆಗೆ ಸೇರುವ ಕಡೆ ಆಳೆತ್ತರದ ಬಿಳಿ ನೊರೆ ನಿಂತಿತ್ತು. ದೋಣಿ ಅದರ ಅಂಚು ಹಿಡಿದು ಹೋಗುತ್ತಿರುವಾಗ ಮೋಟಾರಿನ ರೆಕ್ಕೆಗೆ ಅಂತರಗಂಗೆಯ ಬೇರು ಸುತ್ತಿಕೊಂಡಿತು. ಓಡಿಸುವವನು ಅದನ್ನು ಕೀಳಲು ಬಗ್ಗಿದ, ಹೆದರಿದ ಪಾಪಣ್ಣನೂ ಎದ್ದು ಅದೇ ಮಗ್ಗುಲಿಗೆ ವಾಲಿದ. ದೋಣಿ ಬೋರಲಾಯಿತು. ಜಾಕೀಟು ಹಾಕಿಕೊಂಡಿದ್ದ ಓಡಿಸುವವನು ಆಚೆ ದಡಕ್ಕೆ ಈಜಿಬಿಟ್ಟ. ಉಳಿದಿಬ್ಬರು ಬೋರಲು ದೋಣಿಗೆ ಜೋತುಬಿದ್ದು ಕೂಗಿಕೊಂಡರು. ಗಾಳಿ ಅವರ ಮೇಲೆ ನೊರೆ ತಳ್ಳುತ್ತಿತ್ತು.

ದಡದ ಜನವೆಲ್ಲ ಕೊಂಡಮ್ಮನ ಕಡೆ ತಿರುಗಿದರು. ಬೆಳಿಗ್ಗೆ ಪಾಪಣ್ಣ ಒದ್ದು ಮರೆಗೆ ಹಾಕಿಸಿದ ಹರಿಗೋಲನ್ನು ಊರಿನವರೇ ಹೊತ್ತು ತಂದು ನೀರಿಗಿಟ್ಟರು.

“ಹೋಗ್ಬ್ಯಾಡ ಕಣೆ. ನಿನ್ ಗಂಡನ್ನ ತಿಂದಿದ್ ಸಾಲ್ದಾ ಇವ್ರಿಗೆ? ಸಾಯ್ಲಿ ಬುಡು,” ಎಂದು ಕಮಲಮ್ಮ ಸೆರಗು ಹಿಡಿದಳು.

ಕೊಂಡಮ್ಮನ ಪಾದಕ್ಕೆ ನೀರು ತಾಗಿತು. ಆಚೆಯಿಂದ ಉಷಾರಾಣಿ ಅಮ್ಮಾ ಎಂದು ಕೂಗಿದ್ದು ಕೇಳಿಸಿತು. ಸೆರಗು ಬಿಡಿಸಿಕೊಂಡು ಹರಿಗೋಲಿಗೆ ಹತ್ತಿ ಹುಟ್ಟು ಹಾಕಿದಳು.

ನೊರೆಯೊಳಗೆ ಹೊಕ್ಕ ಮೇಲೆ ದಡ ಕಾಣಲಿಲ್ಲ, ನೀರೂ ಕಾಣಲಿಲ್ಲ. ಕಣ್ಣು ಉರಿಯಿತು, ಕೊಳೆತ ಮೊಟ್ಟೆಯ ವಾಸನೆಗೆ ಉಸಿರು ಕಟ್ಟಿತು. ಹರಿಗೋಲಿನ ತಳಕ್ಕೆ ಏನೋ ತಗುಲಿ ಸರ್ರನೆ ಸರಿದುಹೋಯಿತು. ಮರದ ಬೊಡ್ಡೆ, ಮರದ ಬೊಡ್ಡೆ ಎಂದು ಬಾಯಿಬಿಟ್ಟು ಹೇಳಿಕೊಂಡಳು. ಕೂಗು ಬಂದ ಕಡೆಗೆ ಹೋಗಿ ಮೊದಲು ಉಷಾರಾಣಿಯನ್ನು ಎಳೆದು ಹಾಕಿದಳು. ಆಮೇಲೆ ಪಾಪಣ್ಣನ ಕೂದಲು ಕೈಗೆ ಸಿಕ್ಕಿತು. ಎಳೆದಳು. ಅವನು ಅವಳ ಪಾದದ ಮೇಲೆ ಮುಖವಿಟ್ಟು ನೀರು ಕಾರಿದ.

ದಡದ ಕಡೆ ತಿರುಗಿ ಅರ್ಧ ದಾರಿಗೆ ಬರುವಷ್ಟರಲ್ಲಿ ಕೊಂಡಮ್ಮನ ಕೈ ನಿಂತಿತು. ನಿಲ್ಲಿಸಬೇಕೆಂದು ಅವಳೇನೂ ಯೋಚಿಸಿರಲಿಲ್ಲ.

“ಗೌಡ್ರೆ, ಈ ಕೆರೇಲಿ ಜನಾನ ಕಾದೋರು ಯಾರು ಅಂತ ಮೇಡಮ್ಮಂಗೆ ಹೇಳಿ.”

“ಮೊದ್ಲು ದಡ ಸೇರ್ಸಮ್ಮಿ. ಆಮೇಕ್ ಮಾತಾಡಾನ.”

ಅವಳು ಹುಟ್ಟನ್ನು ನೀರಿನಿಂದೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಹರಿಗೋಲು ಇದ್ದಲ್ಲೇ ಮೆಲ್ಲಗೆ ಸುತ್ತತೊಡಗಿತು. ನಾಳೆ ಜಯಂತಿಯ ಕೆಲಸ ಹೋಗುತ್ತದೆ, ನಾಡಿದ್ದು ಮನೆ ಹೋಗುತ್ತದೆ, ಈಗ ಒಂದು ಗಾಳಿ ಬೀಸಿದರೆ ಮೂವರ ಜೀವವೂ ಹೋಗುತ್ತದೆ. ಎಲ್ಲವೂ ಗೊತ್ತಿತ್ತು. ಆದರೂ ಕೈ ಹುಟ್ಟನ್ನು ನೀರಿಗಿಳಿಸಲಿಲ್ಲ.

ಅಷ್ಟು ಕನ್ನಡ ಉಷಾರಾಣಿಗೂ ತಿಳಿಯಿತು, ಒದ್ದೆ ಮುಖವೆತ್ತಿ ಪಾಪಣ್ಣನನ್ನೇ ನೋಡಿದಳು. “ಸೊಲ್ಲುಂಗ,” ಎಂದಳು, ಹೇಳಿ ಎಂದು.

“ಮುತ್ತರಾಯಪ್ಪ,” ಎಂದ ಪಾಪಣ್ಣ.

“ಆಮೇಕೆ?” ಎಂದಳು ಕೊಂಡಮ್ಮ.

“ಅವನ ಮಗ ಮುನೀಶ.”

“ಆಮೇಕೆ?”

ಪಾಪಣ್ಣ ನೊರೆಯ ಕಡೆ ನೋಡಿದ, ಅವಳ ಕಡೆ ನೋಡಿದ. ಇಪ್ಪತ್ತು ವರ್ಷ ತನ್ನ ಹೊಲದಲ್ಲಿ ದುಡಿದವನನ್ನು, ತನ್ನ ಮಗನಿಗಾಗಿ ಸತ್ತವನನ್ನು, ಅವನು ಲೇ ಎಂದೇ ಕರೆದಿದ್ದ.

“ನಿನ್ ಗಂಡ,” ಎಂದ.

“ಹೆಸ್ರು?”

ಪಾಪಣ್ಣ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಅವನ್ ಹೆಸ್ರು ಏನಮ್ಮ?”

“ನೀವೇ ನೆಪ್ಪು ಮಾಡ್ಕಳಿ ಗೌಡ್ರೆ,” ಎಂದಳು ಕೊಂಡಮ್ಮ. ಹುಟ್ಟು ತೊಡೆಯ ಮೇಲೇ ಇತ್ತು. ಗಾಳಿಗೆ ಕಿತ್ತುಬಂದ ನೊರೆ ಹರಿಗೋಲಿನ ಅಂಚು ದಾಟಿ ಒಳಕ್ಕೆ ಇಳಿಯತೊಡಗಿತು.