ಕಲ್ಲೇಶನ ಜೀಪು ಸೋರಿದ್ದು

ಗಂಗಾವತಿ ಮಾರುಕಟ್ಟೆಯ ದಲ್ಲಾಳಿ ಬಾಳೆಗೊನೆಯೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದವನೇ ಮುಖ ಕಿವುಚಿ ಕೆಳಗಿಟ್ಟ.

"ಕಲ್ಲೇಶಪ್ಪಾರ, ಈ ಬಾಳಿಕಾಯಿ ಮಂದಿ ತಿನ್ನಾಕೋ, ಗಾಡಿ ಕುಡಿಯಾಕೋ? ಬರೇ ಡೀಸೆಲ್ ವಾಸ್ನಿ ಹೊಡಿಯಾಕತ್ತೈತಿ."

ಸುತ್ತಲಿದ್ದವರು ನಕ್ಕರು. ಕಲ್ಲೇಶನೂ ನಗಬೇಕಾಯಿತು. ಆದರೆ ಗೊನೆಗಳನ್ನು ಮತ್ತೆ ಜೀಪಿಗೆ ಹೇರುವಾಗ ಅವನ ಕಿವಿ ಬಿಸಿಯಾಗಿತ್ತು. ಆನೆಗೊಂದಿಯ ಹೊಳೆದಂಡೆಯಲ್ಲಿ ಅವನ ಬಾಳೆತೋಟ. ಅಲ್ಲಿಗೆ ಹೋಗುವ ದಾರಿ ಬಂಡೆಗಳ ನಡುವೆ ಏರಿ, ಇಳಿದು, ಕಾಲುವೆಯ ಹತ್ತಿರ ಕೆಸರಿನಲ್ಲಿ ಹೂತುಹೋಗುತ್ತದೆ. ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕೆಂದು ಹಟ ಹಿಡಿದು ಈ ಹಳೆಯ ಡೀಸೆಲ್ ಜೀಪನ್ನು ಕೊಂಡಿದ್ದ. ಗೇರಿನ ಪಕ್ಕದಲ್ಲಿರುವ ಗಿಡ್ಡ ಲಿವರನ್ನು ಹಿಂದಕ್ಕೆ ಎಳೆದರೆ ಮುಂದಿನ ಗಾಲಿಗಳಿಗೂ ಜೀವ ಬರುತ್ತಿತ್ತು. ಆಗ ಜೀಪು ಕೆಸರಿನಿಂದ ಎಮ್ಮೆಯಂತೆ ಎದ್ದು ಬರುತ್ತಿತ್ತು. ಈಗ ಅದು ಎಲ್ಲೋ ಸೋರುತ್ತಿತ್ತು. ದಿನಾ ಬೆಳಿಗ್ಗೆ ಅಂಗಳದಲ್ಲಿ ಅಂಗೈಯಗಲದ ಕಲೆ.

"ಕೊಪ್ಪಳ ರಸ್ತಾದಾಗ ಯಾವುದೋ ಹೊಸ ಗ್ಯಾರೇಜ್ ಆಗೈತಂತ. ತೋರಿಸೂಣ ಬರ್ರಿ" ಎಂದಳು ಹೆಂಡತಿ ಸುನಿತಾ. ಆನೆಗೊಂದಿಯಲ್ಲಿ ಹೆಂಗಸರಿಗೆ ಬಾಳೆನಾರಿನ ಬುಟ್ಟಿ ಹೆಣೆಯುವುದನ್ನು ಕಲಿಸುವವಳು ಅವಳು. ಆವತ್ತು ಬುಟ್ಟಿಗಳನ್ನು ಅಂಗಡಿಗೆ ಕೊಡಲೆಂದು ಜೊತೆಗೆ ಬಂದಿದ್ದಳು.

ಗ್ಯಾರೇಜಿನ ಮುಂದೆ ಜೀಪು ನಿಂತಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಮನುಷ್ಯ ಕಲ್ಲೇಶನನ್ನು ನೋಡಲೇ ಇಲ್ಲ. ಪಕ್ಕದ ಸೀಟಿನತ್ತ ನೋಡಿ ಅವನ ಮುಖವೆಲ್ಲ ಅರಳಿತು.

"ಸುನೀ! ನೀ ಇಲ್ಲೆಲ್ಲಿ?"

"ಅಯ್ಯ, ವಿರುಪಾಕ್ಷಿ! ಇದು ನಿಂದೇನೋ ಗ್ಯಾರೇಜು?"

ಯಲಬುರ್ಗಾದಲ್ಲಿ ಸುನಿತಾಳ ತಂದೆ ಕೊಟ್ರಪ್ಪನವರದು ಲಾರಿ, ಜೀಪು ರಿಪೇರಿಯ ದೊಡ್ಡ ಶೆಡ್ಡು ಇತ್ತು. ವಿರುಪಾಕ್ಷಿ ಅಲ್ಲೇ ಕೆಲಸ ಕಲಿತವನು. ಇಷ್ಟನ್ನು ಸುನಿತಾ ಗಂಡನಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಕಲ್ಲೇಶನ ಕಿವಿಯಲ್ಲಿ ಉಳಿದದ್ದು ಮಾತ್ರ ಬೇರೆ. ಮದುವೆಯಾದಂದಿನಿಂದ ಅವಳು ಅವನಿಗೆ 'ರೀ' ಎಂದವಳು, 'ನೀವು' ಎಂದವಳು. ಹಾಸಿಗೆಯಲ್ಲಿ ಕೂಡ 'ನೀವು'. ಈ ಮಸಿ ಮೆತ್ತಿದ ಮನುಷ್ಯನಿಗೆ ನಡುರಸ್ತೆಯಲ್ಲಿ 'ನೀ'. ಅದೂ ಎಷ್ಟು ಸಲೀಸಾಗಿ!

ವಿರುಪಾಕ್ಷಿ ಜೀಪಿನ ಕೆಳಗೆ ನುಸುಳಿದ. ಚೌಕಟ್ಟಿನ ಉದ್ದಕ್ಕೂ ಡೀಸೆಲ್ ಹರಡಿ, ಅದರ ಮೇಲೆ ಧೂಳು ಕೂತು, ಎಲ್ಲಿಂದ ಶುರುವಾಗಿದೆ ಎಂದು ತಿಳಿಯದಂತಾಗಿತ್ತು. ನೀರು ಹೊಡೆದು ತೊಳೆದು ಒರೆಸಿದ.

"ಅಪ್ಪಾ ಪೌಡರ್ ಹಾಕತಿದ್ನಲ್ಲ" ಎಂದಳು ಸುನಿತಾ.

"ಹೌದಲ್ಲ! ಮೈಗೆ ಹಚ್ಚೋ ಪೌಡರು!" ಎಂದ ವಿರುಪಾಕ್ಷಿ. ಇಬ್ಬರೂ ಒಟ್ಟಿಗೆ ನಕ್ಕರು. ಸೋರುವ ಗಾಡಿಗೆ ಪೌಡರ್ ಉದುರಿಸಿ ಇಂಜಿನ್ ಚಾಲೂ ಮಾಡಿದರೆ ಹಸಿಯಾದ ಗೆರೆ ಎದ್ದು ಕಾಣುತ್ತದೆ. ಅದು ಕೊಟ್ರಪ್ಪನವರ ಉಪಾಯ. ಆದರೆ ಆ ನಗು ಬರೀ ಪೌಡರಿನದಲ್ಲ, ಕಲ್ಲೇಶನಿಲ್ಲದ ಯಾವುದೋ ಕಾಲದ್ದು. ಸುನಿತಾ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಜೀಪಿನ ಕೆಳಗೆ ಬಗ್ಗಿದಳು. "ಆ ಮೂಲ್ಯಾಗ ನೋಡು", "ಕ್ಲಿಪ್ ಸಡಲ ಐತೇನು?", "ಇಲ್ಲ, ಒಣಾ ಐತಿ." ಇಬ್ಬರ ಮಾತು ನೂಲಿನಂತೆ ಒಂದರೊಳಗೊಂದು ಸೇರಿಕೊಂಡು ಹೋಗುತ್ತಿತ್ತು. ಕಲ್ಲೇಶ ಅವಳ ಕೈಚೀಲ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ.

ಪೌಡರ್ ಬೆಳ್ಳಗೆ ಒಣಗಿಯೇ ಉಳಿಯಿತು. ಸೋರಿಕೆ ಸಿಗಲಿಲ್ಲ. ವಿರುಪಾಕ್ಷಿ ಟ್ಯಾಂಕಿನ ಕ್ಲಿಪ್ಪುಗಳನ್ನು ಬಿಗಿಮಾಡಿ, ಫಿಲ್ಟರಿನ ವಾಷರ್ ಬದಲಿಸಿ, "ಮತ್ತ ಸೋರಿದ್ರ ಫೋನ್ ಮಾಡು, ಸುನೀ. ನಾನ ಬರತೀನಿ" ಎಂದ. ಕಲ್ಲೇಶನಿಗೆ ಕೈಮುಗಿದು, "ಹೋಗಿ ಬರ್ರಿ ಸಾಹುಕಾರ್ರ" ಎಂದ.

ದಾರಿಯುದ್ದಕ್ಕೂ ಸುನಿತಾ ಮಾತಾಡಿದಳು. ತವರಿನ ಶೆಡ್ಡು, ಕಬ್ಬಿಣದ ವಾಸನೆ, ತಾನು ಸಾಲಿಯಿಂದ ಬಂದವಳೇ ನಟ್ಟು ಬಿಚ್ಚುವ ಪಾನಾ ಹಿಡಿದು ಕೂಡುತ್ತಿದ್ದದ್ದು. ಇಷ್ಟು ವರ್ಷ ಅವಳು ಇದನ್ನೆಲ್ಲ ಹೇಳಿರಲೇ ಇಲ್ಲ. ಅವನು ಕೇಳಿಯೂ ಇರಲಿಲ್ಲ.

"ಅಂವಂದು ಮದಿವಿ ಆಗೈತೇನು?" ಎಂದು ಕೇಳಿದ ಕಲ್ಲೇಶ.

"ಯಾರಿಗೆ ಗೊತ್ತು? ಕೇಳಲೇ ಇಲ್ಲ ನೋಡ್ರಿ."

ಮರುದಿನ ಕಲ್ಲೇಶ ಒಬ್ಬನೇ ತೋಟಕ್ಕೆ ಹೋದ. ಕಾಲುವೆಯ ಕೆಸರಿನಲ್ಲಿ ಹಿಂದಿನ ಗಾಲಿ ಹೂತಿತು. ಗಿಡ್ಡ ಲಿವರ್ ಎಳೆದ, ಆದರೂ ಜೀಪು ತುಯ್ದಾಡಿತೇ ಹೊರತು ಮೇಲೇಳಲಿಲ್ಲ. ಗಾಲಿಗೆ ಕಲ್ಲು ಕೊಡೋಣವೆಂದು ಇಂಜಿನ್ ಚಾಲೂ ಇಟ್ಟೇ ಕೆಳಗಿಳಿದು ಬಗ್ಗಿ ನೋಡಿದ. ಗೇರ್ ಪೆಟ್ಟಿಗೆಯ ಮೇಲಿಂದ ಡೀಸೆಲ್ ಸಣ್ಣಗೆ ದಾರದಂತೆ ಇಳಿಯುತ್ತಿತ್ತು. ಒಳಗೆ ಹೋಗಿ ಲಿವರನ್ನು ಮುಂದಕ್ಕೆ ದೂಡಿ ಮತ್ತೆ ಬಂದು ನೋಡಿದ. ದಾರ ತುಂಡಾಗಿ ಹನಿಯಾಯಿತು, ಹನಿಯೂ ನಿಂತಿತು. ಮತ್ತೆ ಎಳೆದ. ಮತ್ತೆ ಸೋರಿತು.

ಇಷ್ಟೇ! ಲಿವರ್ ಎಳೆದಾಗ ಅದರ ಸಲಾಕೆ ಡೀಸೆಲ್ ಪೈಪನ್ನು ಒತ್ತಿ ಎಲ್ಲೋ ಸೀಳು ಬಾಯಿ ಬಿಡುತ್ತಿತ್ತು. ಹಾಗೆ ಸೋರಿ ಚೌಕಟ್ಟಿನ ಮೇಲೆ ನಿಂತದ್ದೇ ರಾತ್ರಿಯೆಲ್ಲ ಅಂಗಳದಲ್ಲಿ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನಲ್ಲಿ ನಿಂತ ಗಾಡಿಯ ಲಿವರನ್ನು ಯಾರು ಎಳೆಯುತ್ತಾರೆ? ಕಲ್ಲೇಶನಿಗೆ ಖುಷಿಯಾಯಿತು. ಸುನಿತಾಳಿಗೆ ಫೋನ್ ಮಾಡಿ ಹೇಳಬೇಕೆಂದು ಜೇಬಿಗೆ ಕೈಹಾಕಿದವನು ಹಾಗೇ ನಿಂತ. ಆ ಇಬ್ಬರಿಗೆ ಸಿಗದದ್ದು ತನಗೆ ಸಿಕ್ಕಿದೆ. ಹುಡುಕಲಿ ಮಗ. ಅವಳ ಮುಂದೆ ಹುಡುಕಿ ಹುಡುಕಿ ಸೋಲಲಿ. ಕೊಟ್ರಪ್ಪನವರ ಶಿಷ್ಯನ ಬಂಡವಾಳ ಎಷ್ಟೆಂದು ಅವಳೂ ನೋಡಲಿ.

ಅವನು ಫೋನನ್ನು ಹೊರಗೆ ತೆಗೆಯಲಿಲ್ಲ.

ಆದರೆ ಎಣಿಸಿದ್ದೇ ಒಂದು, ಆದದ್ದೇ ಇನ್ನೊಂದು. ಅಂಗಳದಲ್ಲಿ ಮತ್ತೆ ಕಲೆ ಕಂಡಿತು, ಸುನಿತಾ ಫೋನ್ ಮಾಡಿದಳು, ವಿರುಪಾಕ್ಷಿ ಮನೆಗೇ ಬಂದ. ಟ್ಯಾಂಕು ಇಳಿಸಿ ನೋಡಿದ. ಸಿಗಲಿಲ್ಲ. ಸುನಿತಾ ಅವನಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಎರಡು ದಿನ ಬಿಟ್ಟು ಮತ್ತೆ ಬಂದ. ಕಟ್ಟೆಯ ಮೇಲೆ ಕೂತು ಇಬ್ಬರೂ ಪೈಪಿನ ದಾರಿಯನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ವಾದ ಮಾಡಿದರು. ಸೋತವನ ಮುಖ ಸಪ್ಪಗಾಗಬೇಕಿತ್ತು. ಅವನದು ಆಗಲಿಲ್ಲ. ಸುನಿತಾಳ ಮುಖವಂತೂ ಹೊಸದಾಗಿ ಹೊಳೆಯುತ್ತಿತ್ತು. ತಾನು ಬಚ್ಚಿಟ್ಟ ಒಂದು ಮಾತೇ ಆ ಮನುಷ್ಯನನ್ನು ತನ್ನ ಅಂಗಳಕ್ಕೆ ಎಳೆದು ತರುತ್ತಿದೆ ಎಂಬುದು ಕಲ್ಲೇಶನಿಗೆ ಗೊತ್ತಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ. ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾಳೆ.

ಹೊರಡುವ ಮುಂದೆ ವಿರುಪಾಕ್ಷಿ ಅವನ ಹತ್ತಿರ ಬಂದ. "ಸಾಹುಕಾರ್ರ, ದಿನಾ ಗಾಡಿ ಹೊಡಿಯವರು ನೀವು. ಫೋರ್ ವೀಲ್ ಹಾಕಿದಾಗ ಏನರ ಬ್ಯಾರೆ ಅನಸತೈತೇನ್ರಿ?"

ಸುನಿತಾಳೂ ಗಂಡನತ್ತ ನೋಡುತ್ತಿದ್ದಳು.

"ಇಲ್ಲ. ಏನೂ ಇಲ್ಲ" ಎಂದ ಕಲ್ಲೇಶ.

ಮರುವಾರ ಅವನು ಯಾವುದೋ ಕಚೇರಿ ಕೆಲಸಕ್ಕೆ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿದ್ದ. ಕೆಲಸ ಮುಗಿಸಿ ಬಸ್ ನಿಲ್ದಾಣದಲ್ಲಿ ಮಿರ್ಚಿ ತಿನ್ನುತ್ತಿದ್ದಾಗ ಸುನಿತಾಳ ಫೋನ್ ಬಂತು.

"ದವಾಖಾನಿಗೆ ಬರ್ರಿ, ಗಂಗಾವತಿಗೆ. ನನಗೇನೂ ಆಗಿಲ್ಲ. ಭೀಮಕ್ಕಗ ಪೆಟ್ಟಾಗೈತಿ."

ನಾರು ತೆಗೆಯಲು ಬಾಳೆದಿಂಡು ತರುವ ಆಟೋ ಆವತ್ತು ಬಂದಿರಲಿಲ್ಲ. ಬುಟ್ಟಿ ಹೆಣೆಯುವ ಕೇಂದ್ರದ ಹೆಂಗಸರು ಕೆಲಸವಿಲ್ಲದೆ ಕೂತಿದ್ದರು. ಸುನಿತಾ ಗೂಟದ ಮೇಲಿದ್ದ ಕೀಲಿ ತೆಗೆದುಕೊಂಡು, ಅವರಲ್ಲೊಬ್ಬಳಾದ ಭೀಮಕ್ಕನನ್ನು ಕೂರಿಸಿಕೊಂಡು ತೋಟಕ್ಕೆ ಹೋಗಿದ್ದಳು. ಜೀಪು ಓಡಿಸುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ದಿಂಡು ಹೇರಿಕೊಂಡು ವಾಪಸು ಬರುವಾಗ ಕೆಸರಿನಲ್ಲಿ ಲಿವರ್ ಎಳೆದಳು. ಬಂಡೆಗಳ ನಡುವಿನ ಏರಿನ ಅರ್ಧದಲ್ಲಿ ಇಂಜಿನ್ ಕೆಮ್ಮಿ ನಿಂತುಹೋಯಿತು. ಸೀಳಿದ ಪೈಪಿನಿಂದ ಡೀಸೆಲ್ ಹೊರಬಿದ್ದಂತೆ ಗಾಳಿ ಒಳಗೆ ಹೊಕ್ಕಿತ್ತು. ಭಾರಕ್ಕೆ ಬ್ರೇಕು ತಡೆಯಲಿಲ್ಲ. ಜೀಪು ಹಿಂದಕ್ಕೆ ಉರುಳಿ ಬಂಡೆಗೆ ಬಡಿದು ನಿಂತಿತು. ಬಂಡೆ ಇಲ್ಲದಿದ್ದರೆ ಕೆಳಗೆ ಹೊಳೆ.

ಕಲ್ಲೇಶ ತಲುಪಿದಾಗ ಭೀಮಕ್ಕನ ಮುರಿದ ಮುಂಗೈಗೆ ಬಿಳಿ ಪಟ್ಟಿ ಕಟ್ಟಿದ್ದರು. ಸುನಿತಾ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಸೀರೆಗೆಲ್ಲ ಕೆಸರು, ಕೈಗೆಲ್ಲ ಡೀಸೆಲ್.

"ಸೋರಿಕಿ ಸಿಕ್ತು" ಎಂದಳು. "ಗಾಡಿ ಚಾಲೂ ಮಾಡಾಕ ಇಂಜಿನ್ನಿನ ಕೈಪಂಪ್ ಹೊಡದು ಪೈಪಿನ ಗಾಳಿ ತಗದೆ. ಲಿವರ್ ಎಳದ್ರ ಸೋರತೈತಿ, ಬಿಟ್ರ ನಿಂದರತೈತಿ. ಒಂದ ಸಲ ಬಗ್ಗಿ ನೋಡಿದ್ದಕ್ಕ ಗೊತ್ತಾತು."

ಸೆರಗಿನಿಂದ ಕೈ ಒರೆಸಿಕೊಂಡು ಅವನತ್ತ ತಿರುಗಿದಳು.

"ನೀವು ದಿನಾ ಆ ಕೆಸರಾಗ ಲಿವರ್ ಎಳೀತೀರಿ. ಅಂವ ಕೇಳಿದಾಗ ಏನೂ ಇಲ್ಲ ಅಂದ್ರಿ. ನಿಮಗ ಖರೇನ ಗೊತ್ತಿರಲಿಲ್ಲೇನು?"

ಅವನು ಸುಳ್ಳು ಹೇಳಬಹುದಿತ್ತು. ಒಳಗಿಂದ ಭೀಮಕ್ಕ ನರಳುವುದು ಕೇಳುತ್ತಿತ್ತು.

"ಗೊತ್ತಿತ್ತು."

"ಯಾಕ ಹೇಳಲಿಲ್ಲ?"

"ಅಂವ ಸೋಲ್ಲಿ ಅಂತ. ನಿನ್ನ ಮುಂದ."

ಸುನಿತಾ ಮೆಲ್ಲಗೆ ಹೇಳಿದಳು, "ಅಂವ ಒಂದ ಕಾಲಕ್ಕ ನನ್ನ ಕೇಳಿದ್ದ. ನಾ ಒಲ್ಲೆ ಅಂದೆ. ಅಲ್ಲಿಗೆ ಮುಗೀತು, ಅಂವನೂ ಬಿಟ್ಟ, ನಾನೂ ಬಿಟ್ಟೆ. ನನಗ ಅಂವನ ಮ್ಯಾಲೆ ಆಸಿ ಇಲ್ರಿ. ಆ ಕೆಲಸದ ಮ್ಯಾಲೆ ಐತಿ. ನಿಮ್ಮ ಮನಿಗೆ ಬಂದ ಮ್ಯಾಲೆ ಯಾರಾದ್ರೂ ಒಂದ ದಿನ ನನ್ನ ಕೈಯಾಗ ಪಾನಾ ಕೊಟ್ಟೀರೇನು? ಜೀಪು ತಂದಾಗ ಬಾನೆಟ್ ಎತ್ತಿ ನೋಡಾಕ ಹೋದೆ. 'ಕೈ ಹೊಲಸಾಗತೈತಿ, ಅತ್ಲಾಗ ಸರಿ' ಅಂದ್ರಿ. ನೆನಪೈತೇನು?"

ಅವನಿಗೆ ನೆನಪಿರಲಿಲ್ಲ. ಅದೇ ಹೆಚ್ಚು ನೋಯಿಸಿತು. ಜೊತೆಗೆ, ಆ ಹೊತ್ತಿನಲ್ಲೂ, 'ನನ್ನ ಕೇಳಿದ್ದ' ಎಂಬ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ನಾಚಿಕೆಯೂ ಹೊಟ್ಟೆಕಿಚ್ಚೂ ಒಂದೇ ಒಲೆಯ ಮೇಲೆ ಕುದಿಯುತ್ತಿದ್ದವು.

ಮರುದಿನ ಅವನೇ ಗ್ಯಾರೇಜಿಗೆ ಹೋಗಿ ವಿರುಪಾಕ್ಷಿಗೆ ಎಲ್ಲ ಹೇಳಿದ. ವಿರುಪಾಕ್ಷಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ನನ್ನ ಮ್ಯಾಲೆ ಸಿಟ್ಟಿದ್ರ ನಾಲ್ಕು ಬೈಬೇಕಿತ್ರಿ. ಹೆಣಮಕ್ಕಳು ಕೂಡೋ ಗಾಡ್ಯಾಗ ಆಟ ಆಡಿದ್ರೆಲ್ಲ! ಆ ಗಾಡಿ ನಾ ಮುಟ್ಟಂಗಿಲ್ಲ. ಪೈಪ್ ಕೊಡತೀನಿ, ತಗೊಂಡು ಹೋಗ್ರಿ. ಸುನೀ ಹಾಕತಾಳ. ನನಗಿಂತ ಛಲೋ ಹಾಕತಾಳ."

ಕಲ್ಲೇಶ ಪೈಪು ಹಿಡಿದುಕೊಂಡು ತಲೆತಗ್ಗಿಸಿ ಬಂದ. ಸುನಿತಾ ಗೋಣಿ ಹಾಸಿ ಜೀಪಿನ ಕೆಳಗೆ ಮಲಗಿದಳು. ಗೇರ್ ಪೆಟ್ಟಿಗೆಯ ಮೇಲೆ, ಕಣ್ಣು ಹೋಗದೆ ಕೈಯಷ್ಟೇ ಹೋಗುವ ಜಾಗದಿಂದ ಹಳೆಯ ಪೈಪು ಬಿಚ್ಚಿ ತೆಗೆದಳು. ಸಲಾಕೆ ಉಜ್ಜಿ ಉಜ್ಜಿ ಅದರಲ್ಲಿ ಉಗುರಿನಷ್ಟು ಸೀಳು ಬಿದ್ದಿತ್ತು. ಹೊಸದನ್ನು ದೂರ ಸರಿಸಿ ಕಟ್ಟುವಾಗ ಏನೋ ಅನುಮಾನ ಬಂದು ಕೆಳಗಿನಿಂದಲೇ ವಿರುಪಾಕ್ಷಿಗೆ ಫೋನ್ ಹಚ್ಚಿದಳು. ಏನೋ ಹೇಳಿ ನಕ್ಕಳು. ಸೀಟಿನ ಮೇಲೆ ಕೂತಿದ್ದ ಕಲ್ಲೇಶನಿಗೆ ಚುರುಕ್ ಎಂದಿತು.

"ರೀ, ಲಿವರ್ ಎಳೀರಿ."

ಎಳೆದ.

"ಬಿಡ್ರಿ. ಮತ್ತ ಎಳೀರಿ." ಅವಳು ಹೇಳಿದಷ್ಟೂ ಸಲ ಎಳೆದ, ಬಿಟ್ಟ. ಒಂದು ಹನಿಯೂ ಬೀಳಲಿಲ್ಲ.

ಭೀಮಕ್ಕನ ಕೈ ಕೂಡಿಬರುವವರೆಗೆ ಅವಳ ಪಾಲಿನ ದಿಂಡುಗಳನ್ನು ಕಲ್ಲೇಶನೇ ಹೊತ್ತು ತಂದು ಸೀಳಿಕೊಟ್ಟ. "ನಿನ್ನ ಜೀಪಿಗಿಂತ ನೀನ ಛಲೋ ನೋಡಪಾ, ಹಿಂದಕ್ಕ ಉರುಳಂಗಿಲ್ಲ" ಎಂದು ಅವಳು ಎಲ್ಲರೆದುರು ಹಂಗಿಸಿದಳು. ಅವನು ಸಹಿಸಿಕೊಂಡ.

ಬ್ರೇಕಿನ ಕೆಲಸ ಮುಗಿದ ಮೇಲೆ ಒಂದು ದಿನ ಸುನಿತಾ ಹೇಳಿದಳು. "ಶನಿವಾರಕ್ಕೊಮ್ಮೆ ಗ್ಯಾರೇಜಿಗೆ ಹೋಗಿ ಕೆಲಸ ಮಾಡತೀನಿ. ವಿರುಪಾಕ್ಷಿ ಹೂಂ ಅಂದಾನ. ನೀವೇನಂತೀರಿ?"

ಒಲ್ಲೆ ಎನ್ನುವ ಮಾತು ಕಲ್ಲೇಶನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿ "ನಾನ ಬಿಟ್ಟು ಬರತೀನಿ" ಎಂದ.

ಶನಿವಾರ ಅವಳನ್ನು ಇಳಿಸಿ, ಎದುರಿನ ಚಹಾದಂಗಡಿಯಲ್ಲಿ ಕೂತ. ಸುನಿತಾ ಸೆರಗು ಸಿಕ್ಕಿಸಿ ಒಂದು ಟ್ರ್ಯಾಕ್ಟರಿನ ಮೇಲೆ ಬಗ್ಗಿದ್ದಳು. ವಿರುಪಾಕ್ಷಿ ಇನ್ನೊಂದು ಮೂಲೆಯಲ್ಲಿ ಯಾವುದೋ ಗಾಲಿ ಬಿಚ್ಚುತ್ತಿದ್ದ. ಅವಳು ಏನೋ ಕೂಗಿ ಕೇಳಿದಳು, ಅವನು ಏನೋ ಕೂಗಿ ಹೇಳಿದ. ಕಲ್ಲೇಶನ ಹೊಟ್ಟೆಯೊಳಗಿನ ಕೆಂಡ ಆರಿರಲಿಲ್ಲ. ಅದು ಅಷ್ಟು ಬೇಗ ಆರುವಂಥದ್ದೂ ಅಲ್ಲ. ಚಹಾ ಆರಿ ತಣ್ಣಗಾಯಿತು.

"ಇನ್ನೊಂದು ಕೊಡ್ಲೇನ್ರಿ?" ಎಂದ ಅಂಗಡಿಯವನು.

"ಬ್ಯಾಡ" ಎಂದು ಎದ್ದ ಕಲ್ಲೇಶ. ಗ್ಯಾರೇಜಿನ ಕಡೆ ಇನ್ನೊಮ್ಮೆ ನೋಡಬೇಕೆನಿಸಿತು. ನೋಡದೆ ಜೀಪು ಹತ್ತಿ, ಬಾಳೆಗೊನೆಗಳೊಂದಿಗೆ ಮಾರುಕಟ್ಟೆಯ ದಾರಿ ಹಿಡಿದ.