ಮೇಷ್ಟ್ರಿಗೆ ಒಂದು ಹಗಲಿನ ಜಾಗ

ಶಾಲೆ ತೆರೆಯಲು ಒಂದೇ ದಿನ ಉಳಿದಿತ್ತು. ಅಷ್ಟರೊಳಗೆ ಹಗಲು ಹೊತ್ತು ಮೇಷ್ಟ್ರನ್ನು ಇಟ್ಟುಕೊಳ್ಳುವವರು ಸಿಗದಿದ್ದರೆ ಅವರು ನಮ್ಮ ಮನೆ ಬಿಡಬೇಕಿತ್ತು.

ಮೇಷ್ಟ್ರು ಎಂದರೆ ನಮ್ಮ ನಾಯಿ. ರಜೆಯ ಮೊದಲ ವಾರ ಮಗಳ ಹಿಂದೆಯೇ ಬೀದಿಯಿಂದ ಮೆಟ್ಟಿಲು ಹತ್ತಿ ಬಂದವರು. ಕಣ್ಣಿನ ಸುತ್ತ ಕನ್ನಡಕದ ಹಾಗೆ ಕಪ್ಪು ಉಂಗುರ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಕತ್ತೆತ್ತಿ ಒಬ್ಬೊಬ್ಬರನ್ನೇ ನೋಡುವ ಗತ್ತು. ಮಗಳು ಹೆಸರಿಟ್ಟ ದಿನದಿಂದ ಮನೆಯಲ್ಲಿ ಯಾರೂ ಅವರನ್ನು ಏಕವಚನದಲ್ಲಿ ಕರೆದಿಲ್ಲ. ಮೇಷ್ಟ್ರು ಉಂಡರು, ಮೇಷ್ಟ್ರು ದಿಂಬು ಹರಿದರು, ಹೀಗೆ. ಅವರ ಕೆಟ್ಟ ಚಟ ಒಂದೇ: ಒಬ್ಬರನ್ನೇ ಬಿಟ್ಟು ಹೋದರೆ ಬೊಗಳುವುದು. ರಜೆಯಲ್ಲಿ ಮಗಳು ಜೊತೆಗಿದ್ದಳು, ಸರಿಹೋಯಿತು. ಆದರೆ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು, ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಶಾಲೆ ಶುರುವಾದರೆ ಹಗಲಿಗೆ ಮನೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಒಂದು ದಿನ ನಾವು ಮೂವರೂ ಹೊರಗೆ ಹೋಗಿದ್ದಾಗ ಕೆಳಗಿನ ಮನೆಯ ಓನರಮ್ಮ ಗಡಿಯಾರ ನೋಡಿಕೊಂಡೇ ಕೂತಿದ್ದರಂತೆ. ಮೇಷ್ಟ್ರು ಬೊಗಳಿದ್ದು ಎರಡು ಗಂಟೆ ಹದಿನೈದು ನಿಮಿಷ. ಇನ್ನೊಂದು ಸಲ ಹಾಗಾದರೆ ನಾಯಿಯೋ ನೀವೋ ಎಂದು ಮೆಟ್ಟಿಲ ಮೇಲೇ ತೀರ್ಪು ಕೊಟ್ಟರು.

ಮಗಳಿಗೆ ಒಂದು ಉಪಾಯವಿತ್ತು. ಬೆಳಗಿನ ವಾಕಿಂಗಿನಲ್ಲಿ ದಿನಾ ಎದುರಾಗುತ್ತಿದ್ದ ಗಾರ್ಡ್ ತಾತ, ರೈಲ್ವೆಯಲ್ಲಿ ಗಾರ್ಡಾಗಿ ರಿಟೈರ್ ಆದವರು, ಒಂಟಿ. ಮನುಷ್ಯರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅವರು ಮೇಷ್ಟ್ರಿಗೆ ಮಾತ್ರ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದರು. ಭಾನುವಾರ ಊರಾಚೆಯ ಕೆರೆಗೆ ಊಟ ಕಟ್ಟಿಕೊಂಡು ಹೋಗೋಣ ಬನ್ನಿ ಎಂದು ಅವರನ್ನು ಒಪ್ಪಿಸಿಬಿಟ್ಟಿದ್ದಳು.

"ನೀನು ಅಡುಗೆ ಮಾಡಪ್ಪ ಸಾಕು," ಎಂದಳು. "ಕೇಳೋದು ನಾನು ಕೇಳ್ತೀನಿ. ಹೊಟ್ಟೆ ತುಂಬಿದ ಮೇಲೆ ಯಾರೂ ಇಲ್ಲ ಅನ್ನಲ್ಲ."

ನನಗೂ ಹುರುಪು ಬಂತು. ದಿನಾ ನಾನೂರು ಜನಕ್ಕೆ ಬೇಯಿಸುತ್ತೇನೆ, ಆದರೆ ಮನೆಯ ಒಲೆಯ ಹತ್ತಿರ ಹೆಂಡತಿ ನನ್ನನ್ನು ಬಿಡುವುದಿಲ್ಲ. ಆ ಭಾನುವಾರ ಅವಳು ಬೆಳಗಿನ ಡ್ಯೂಟಿಗೆ ಹೊರಟಾಗ ಬಾಗಿಲಲ್ಲಿ ನಿಂತು, ಮೂರು ಜನ, ನೆನಪಿರಲಿ, ಮೂರೇ ಜನ ಎಂದು ಬೆರಳು ತೋರಿಸಿಯೇ ಹೋದಳು. ಟೊಮೆಟೊ, ಬಟಾಣಿ ಹಾಕಿ ಅನ್ನ, ಜೊತೆಗೆ ಹುರಿದ ಆಲೂಗಡ್ಡೆ. ಇದರಲ್ಲಿ ಏನಿದೆ ಕಷ್ಟ ಎಂದು ಶುರು ಮಾಡಿದೆ. ಕೈ ತನ್ನ ಪಾಡಿಗೆ ಮುಷ್ಟಿ ತುಂಬ ಖಾರದಪುಡಿ ಹಾಕಿತು. ಕ್ಯಾಂಟೀನಿನಲ್ಲಿ ತಪ್ಪು ತಿದ್ದಲು ಗೊತ್ತಿರುವ ದಾರಿ ಒಂದೇ, ಇನ್ನಷ್ಟು ಸೇರಿಸುವುದು. ಖಾರಕ್ಕೆ ಟೊಮೆಟೊ ಸೇರಿಸಿದೆ. ಹುಳಿಯಾಯಿತು. ಹುಳಿಗೆ ಅಕ್ಕಿ ಸೇರಿಸಿದೆ. ಸಪ್ಪೆಯಾಯಿತು. ಮನೆಯ ಪಾತ್ರೆ ಸಾಲದೆ ಅಟ್ಟದ ಮೇಲಿದ್ದ ದೊಡ್ಡ ಡಬರಿ ಇಳಿಸಿದೆ. ರುಚಿ ಕೊನೆಗೆ ಹದಕ್ಕೆ ಬಂದಾಗ ಎಂಟು ಗಂಟೆ. ಮಗಳು ಬಂದು ಡಬರಿಯೊಳಗೆ ಇಣುಕಿದಳು.

"ಅಪ್ಪ, ಇದು ಗಾರ್ಡ್ ತಾತಂಗಾ, ಅವರ ರೈಲಿಗಾ?"

ಮೇಷ್ಟ್ರ ಪಾಲು ಮಾತ್ರ ಅವಳೇ ಬೇರೆ ಮಾಡಿದ್ದಳು, ಉಪ್ಪು ಈರುಳ್ಳಿ ಇಲ್ಲದ ಅನ್ನ, ಒಂದು ಬೆಂದ ಮೊಟ್ಟೆ. ಅದು ಅಳತೆಗೆ ಸರಿಯಾಗಿತ್ತು.

ಡಬರಿಯ ಎರಡು ಹಿಡಿಗೆ ಎರಡು ಟವೆಲ್ ಕಟ್ಟಿ ನಾನೊಂದು ಕಡೆ, ಗಾರ್ಡ್ ತಾತ ಒಂದು ಕಡೆ ಹಿಡಿದು ಹೊರಟೆವು. ನೂರು ಹೆಜ್ಜೆಗೊಮ್ಮೆ ತಾತ ಕೈಯೆತ್ತಿ ನಿಲ್ಲಿಸುತ್ತಿದ್ದರು, ಮತ್ತೆ ಕೈ ಬೀಸಿ ಹೊರಡಿಸುತ್ತಿದ್ದರು. ಮುಂದೆ ಮೇಷ್ಟ್ರು, ಅವರ ಹಗ್ಗ ಹಿಡಿದು ಅರ್ಧ ಓಡುತ್ತ ಮಗಳು. ಬೇಸಿಗೆಯ ಕೊನೆ. ದಾರಿಯ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು, ಕಾಲಿಟ್ಟಲ್ಲೆಲ್ಲ ಮಿಡತೆಗಳು ಚಿಮ್ಮುತ್ತಿದ್ದವು. ಒಂದೊಂದು ಮಿಡತೆಗೂ ಮೇಷ್ಟ್ರು ನೆಗೆದರು, ಒಂದನ್ನೂ ಹಿಡಿಯಲಿಲ್ಲ. ಬೇಲಿಯಲ್ಲಿ ಹಣ್ಣಾದ ಕಾಡುಹಣ್ಣು ಕಿತ್ತು ತಿಂದು ಮಗಳ ನಾಲಿಗೆ ನೇರಳೆಯಾಯಿತು. ತಾತನೂ ನಾಲ್ಕು ತಿಂದರು. ಅದನ್ನು ನೋಡಿ ಅವಳು ನನ್ನತ್ತ ಕಣ್ಣು ಹೊಡೆದಳು, ಅರ್ಧ ಗೆದ್ದ ಹಾಗೆ.

ಕೆರೆಯ ನೀರು ಇಳಿದು ದಡ ಅಗಲವಾಗಿತ್ತು. ಮರದ ನೆರಳಲ್ಲಿ ಕೂತು ಉಂಡೆವು. ತಾತ ಎರಡು ಸಲ ಹಾಕಿಸಿಕೊಂಡರು, ಬೆರಳು ನೆಕ್ಕಿದರು. ಇದೇ ಹೊತ್ತು ಎಂದು ಮಗಳು ಕೇಳಿಯೇಬಿಟ್ಟಳು. ದಿನಾ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ, ಏನೂ ತೊಂದರೆ ಕೊಡಲ್ಲ, ಊಟ ನಾನೇ ತಂದಿಡ್ತೀನಿ, ಎಲ್ಲ ಒಂದೇ ಉಸಿರಿನಲ್ಲಿ.

ತಾತ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಉತ್ತರ ಕೊಟ್ಟರು.

"ಮಗು, ಮೂವತ್ತು ವರ್ಷ ರೈಲಿನ ಕೊನೇ ಡಬ್ಬಿಲಿ ಒಬ್ಬನೇ ಕೂತು ಬಂದವನು ನಾನು. ಬೆಳಿಗ್ಗೆ ಒಂದು ಗಂಟೆ ಅಂದ್ರೆ ಯಾರ ಜೊತೆಯಾದ್ರೂ ನಡೀತೀನಿ. ದಿನವೆಲ್ಲ ಅಂದ್ರೆ ನನ್ನ ಕೈಲಾಗಲ್ಲ. ಆಗುತ್ತೆ ಅಂತ ಸುಳ್ಳು ಹೇಳಿ ನಾಳಿದ್ದು ವಾಪಸ್ ಕಳಿಸೋಕಿಂತ ಈಗಲೇ ಹೇಳಿಬಿಡ್ತೀನಿ."

ಮಗಳು ಮೇಷ್ಟ್ರ ಕಿವಿ ನೇವರಿಸುತ್ತ ಕೂತಳು. ನನಗೆ ಅವಳ ಮುಖ ನೋಡಲಾಗದೆ ಡಬರಿ ನೋಡಿದೆ. ಇನ್ನೂ ಕಂಠದವರೆಗೆ ಇತ್ತು. ತಳ ಕಾಣುವವರೆಗೆ ಕ್ಯಾಂಟೀನಿನವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಸೌಟಿನಿಂದ ಅಂಚಿಗೆ ಎರಡು ಏಟು ಬಾರಿಸಿದ್ದೆ, ಕೆಲಸದಲ್ಲಿ ಊಟಕ್ಕೆ ಕರೆಯುವ ಹಾಗೆ.

ದಡದ ಮೇಲಿದ್ದವರೆಲ್ಲ ತಿರುಗಿದರು. ಗಾಳ ಹಾಕಿ ಕೂತಿದ್ದ ಇಬ್ಬರು ಮೊದಲು ಬಂದರು. ಆಮೇಲೆ ಸೈಕಲ್ಲಿನ ಗುಂಪು, ಮಕ್ಕಳ ಜೊತೆ ಬಂದಿದ್ದವರು. ಯಾರೋ ಡಬ್ಬಿಯ ಮುಚ್ಚಳ ಒಡ್ಡಿದರು, ಯಾರೋ ಅಗಲದ ಎಲೆ ಕಿತ್ತು ತಂದರು. ನುಗ್ಗಾಟ ಶುರುವಾದದ್ದೇ ಗಾರ್ಡ್ ತಾತ ಎದ್ದರು. ಒಬ್ಬರ ಹಿಂದೆ ಒಬ್ಬರು, ಮಕ್ಕಳು ಮುಂದೆ ಎಂದು ಸಾಲು ನಿಲ್ಲಿಸಿದರು. ಮೇಷ್ಟ್ರು ಸಾಲಿನ ಉದ್ದಕ್ಕೂ ಎಲ್ಲರ ಕಾಲು ಮೂಸುತ್ತ ಹಾಜರಿ ತೆಗೆದುಕೊಂಡರು. ನಾನು ಬಡಿಸುತ್ತಲೇ ಇದ್ದೆ. ಮಗಳು ಎದ್ದು ಬಂದು ಆಲೂಗಡ್ಡೆ ಹಾಕತೊಡಗಿದಳು, ತಲೆ ಎತ್ತದೆ.

ಎರಡನೇ ಸಲ ಸಾಲಿಗೆ ಬಂದವರು ಟೇಲರಕ್ಕ. ಶಾಲೆಯ ರಸ್ತೆಯ ತಿರುವಿನಲ್ಲಿ ಅವರ ಹೊಲಿಗೆ ಅಂಗಡಿ, ಮಗಳ ಯೂನಿಫಾರಂ ಹೊಲಿದವರು ಅವರೇ.

"ಏನೇ, ಅನ್ನ ಇಷ್ಟು ಚೆನ್ನಾಗಿದೆ, ನಿನ್ನ ಮುಖ ಯಾಕೆ ಹುಳಿ ಹಿಂಡಿದ ಹಾಗಿದೆ?"

ಮಗಳು ಹೇಳಿದಳು, ಓನರಮ್ಮನ ಗಡಿಯಾರದಿಂದ ಹಿಡಿದು ತಾತನ ಕೊನೇ ಡಬ್ಬಿಯವರೆಗೆ. ಅಷ್ಟರಲ್ಲಿ ಮೇಷ್ಟ್ರು ಬಂದು ಟೇಲರಕ್ಕನ ಸೆರಗಿಗೆ ಅಂಟಿದ್ದ ನೂಲಿನ ಚೂರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು.

"ನನ್ನ ಅಂಗಡಿ ದಿನವೆಲ್ಲ ತೆಗೆದೇ ಇರುತ್ತೆ," ಎಂದರು ಟೇಲರಕ್ಕ. "ಮೆಷಿನ್ ಪಕ್ಕ ಬಿದ್ಕೊಳ್ಳೋದಾದ್ರೆ ಬಿದ್ಕೊಳ್ಳಲಿ. ಆದ್ರೆ ನೀನು ಕಣ್ಮರೆ ಆದ ತಕ್ಷಣ ರಾಗ ತೆಗೆದ್ರೆ ಗಿರಾಕಿ ಬರಲ್ಲ ಕಣೇ. ಈಗಲೇ ನೋಡಿಬಿಡೋಣ. ನೀನು, ನಿಮ್ಮಪ್ಪ ಆ ಮರಗಳ ಹಿಂದೆ ಹೋಗಿ. ಹದಿನೈದು ನಿಮಿಷ."

ತಾತ ಜೇಬಿನಿಂದ ಗಡಿಯಾರ ತೆಗೆದರು. ನಾವು ಹೋದೆವು. ಮರಗಳ ಹಿಂದೆ ಮಗಳು ನನ್ನ ಕೈ ಹಿಡಿದಳು. ಮೊದಲು ಒಂದು ಕುಂಯ್ ಕೇಳಿತು. ಅವಳ ಉಗುರು ನನ್ನ ಕೈಗೆ ನಾಟಿತು. ಇನ್ನೊಂದು ಕುಂಯ್, ಉದ್ದದ್ದು. ಆಮೇಲೆ ಟೇಲರಕ್ಕನ ಮಾತು, ಏನೆಂದು ತಿಳಿಯಲಿಲ್ಲ. ಆಮೇಲೆ ಏನೂ ಇಲ್ಲ. ಸದ್ದಿಲ್ಲದಿರುವುದೇ ಅವಳಿಗೆ ತಡೆಯಲಾಗಲಿಲ್ಲ. ಓಡಿಹೋಗಿರಬಹುದಾ ಎಂದಳು, ಹಗ್ಗ ಬಿಟ್ಟುಬಿಟ್ಟರಾ ಎಂದಳು, ಇನ್ನೂ ಆಗಿಲ್ಲವಾ ಎಂದು ಹತ್ತು ಸಲ ಕೇಳಿದಳು. ತಾತ ಕೈ ಬೀಸಿದ್ದು ಕಂಡದ್ದೇ ಬಾಣದ ಹಾಗೆ ಹೋದಳು.

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ಬಾಲವನ್ನು ಎರಡು ಸಲ ನೆಲಕ್ಕೆ ಬಡಿದರು. ಮತ್ತೆ ಗಲ್ಲವನ್ನು ಟೇಲರಕ್ಕನ ಚಪ್ಪಲಿಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಎದ್ದೂ ಬರಲಿಲ್ಲ ನೋಡಪ್ಪ," ಎಂದಳು ಮಗಳು. ಅವಳ ಮುಖದಲ್ಲಿ ಖುಷಿ, ಹೊಟ್ಟೆಕಿಚ್ಚು ಎರಡೂ ಕಿತ್ತಾಡುತ್ತಿದ್ದವು. ಖುಷಿ ಗೆಲ್ಲಲು ತುಸು ಹೊತ್ತೇ ಹಿಡಿಯಿತು.

"ನಾಳೆ ಎಂಟೂವರೆ," ಎಂದರು ಟೇಲರಕ್ಕ. "ಈಗ ಇವರನ್ನ ಎಬ್ಬಿಸಿಕೊಂಡು ಹೋಗು, ನನ್ನ ಕಾಲು ಜೋಮು ಹಿಡಿದಿದೆ."

ಅವರೂ ಬಹುವಚನಕ್ಕೆ ಬಂದಿದ್ದರು. ಮಗಳು ಹಗ್ಗ ಹಿಡಿದು ಇಳಿಜಾರಿನಲ್ಲಿ ಓಡಿಯೇಬಿಟ್ಟಳು, ನಿಲ್ಲೇ ಎಂದರೂ ನಿಲ್ಲಲಿಲ್ಲ. ಓನರಮ್ಮನಿಗೆ ಈ ಸುದ್ದಿ ಮೊದಲು ತಾನೇ ಹೇಳಬೇಕಂತೆ.