ಕಿವಿಯ ತುದಿ

ಅರ್ಸೇಲಿಯಾ ಬಾಡಿಗೆಯ ಡೈವಿಂಗ್ ಮಾಸ್ಕುಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಿದ್ದಳು. ಕುರಸಾವ್ ದ್ವೀಪದ ಈ ಕಲ್ಲುದಡಕ್ಕೆ ಹವಳ ನೋಡಲು ಬರುವವರ ಉಪ್ಪು ತೊಳೆದೇ ಅವಳ ಕೂದಲು ನರೆತಿತ್ತು. ಈಗ ಮಗಳು ಸುಲೈನಿಗೆ ಅವರನ್ನು ನೀರಿಗಿಳಿಸುವ ಗೈಡ್ ಕೆಲಸ ಸಿಕ್ಕಿತ್ತು. ಇವತ್ತೇ ಮೊದಲ ದಿನ. ಇಳಿಯದಿದ್ದರೆ ಮಾಲೀಕ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಿದ್ದ.

“ಬೇಡ ಅಂದ್ರೆ ಬೇಡ,” ಎಂದಳು ತಾಯಿ. “ದಿನಾ ಬಿಸಿಲಲ್ಲಿ, ಉಪ್ಪುನೀರಲ್ಲಿ ಬಿದ್ದು ಇದ್ದಲಾಗ್ತೀಯ. ಆಮೇಲೆ ನಿನ್ನ ಯಾರು ಕಟ್ಕೋತಾರೆ?”

“ಅವರನ್ನ ನೋಡಮ್ಮ. ಕಪ್ಪಾಗೋಕೆ ಅಂತ್ಲೇ ವಿಮಾನ ಹತ್ತಿ ಬಂದು ಬೆನ್ನು ಸುಟ್ಕೊಂಡು ಬಿದ್ದಿದ್ದಾರೆ!”

“ಅವರದು ಊರಿಗೆ ಹೋದ್ಮೇಲೆ ಇಳಿದುಹೋಗತ್ತೆ. ನಮ್ಮದು ಇಳಿಯಲ್ಲ ಕಣೆ.”

ಮಗಳು ನಕ್ಕಳು. ಅರ್ಸೇಲಿಯಾ ಇನ್ನೊಂದು ಮಾಸ್ಕನ್ನು ನೀರಿಗೆ ಅದ್ದಿದಳು.

“ನೀನು ಹುಟ್ಟಿದಾಗ ನಮ್ಮತ್ತೆ ನಿನ್ನ ಮುಖ ನೋಡ್ಲಿಲ್ಲ. ಕಿವಿ ಮಡಿಸಿ ತುದಿ ನೋಡಿದ್ರು. ಮಗು ಎಷ್ಟು ಕಪ್ಪಾಗತ್ತೆ ಅಂತ ಅಲ್ಲೇ ಗೊತ್ತಾಗೋದಂತೆ. ‘ಅಯ್ಯೋ, ಅಮ್ಮನ ಬಣ್ಣವೇ’ ಅಂತ ನಿನ್ನ ನನ್ನ ಮಡಿಲಿಗೆ ಹಾಕಿ ಎದ್ದುಹೋದ್ರು. ಅಂಥ ಮಾತು ನಿನ್ನ ಕಿವಿಗೆ ಬೀಳಬಾರ್ದು ಅಂತಲೇ ಟೋಪಿ ಹಾಕಿ, ನೆರಳಲ್ಲಿ ನಿಲ್ಸಿ ಬೆಳೆಸಿದೆ.”

ಸುಲೈನಿ ತೊಳೆದಿಟ್ಟ ಮಾಸ್ಕುಗಳನ್ನು ಎತ್ತಿಕೊಂಡಳು. “ಅಮ್ಮಾ, ಅಜ್ಜಿ ನನ್ನ ಕಿವಿ ನೋಡಿದ್ದು ಒಂದು ಸಲ. ನೀನು ದಿನಾ ನೋಡ್ತಾ ಬಂದಿದೀಯ.”

ಹೀಗೆಂದು ಅವಳು, ತನಗಾಗಿ ಕಾಯುತ್ತಿದ್ದ ಪ್ರವಾಸಿ ದಂಪತಿಯನ್ನು ಕರೆದುಕೊಂಡು ಬಂಡೆಯ ಅಂಚಿಗೆ ನಡೆದಳು.

ಅರ್ಸೇಲಿಯಾಳ ಕೈ ನೀರಿನಲ್ಲೇ ನಿಂತಿತು. ಇಷ್ಟು ವರ್ಷ ಅತ್ತೆಯನ್ನು ಮನಸ್ಸಿನಲ್ಲೇ ಶಪಿಸುತ್ತ, ಅತ್ತೆಯ ಕೆಲಸವನ್ನೇ ತಾನು ಮಾಡಿಕೊಂಡು ಬಂದೆನೇ? ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ದಡದಲ್ಲಿ ಅಲೆ ಜೋರಾಗಿತ್ತು. ಸಮಯ ನೋಡದೆ ಇಳಿದರೆ ಚೂಪುಗಲ್ಲಿಗೆ ಎತ್ತಿ ಹಾಕುತ್ತದೆ. ಸುಲೈನಿ ಹಿಂದೆಮುಂದೆ ನೋಡುತ್ತ ನಿಂತಿದ್ದಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ತಾಯಿ ಒದ್ದೆಗೈಯಲ್ಲೇ ಬಂದು ಮಗಳ ಟೋಪಿ ತೆಗೆದಳು. ಮಾಸ್ಕಿನ ಪಟ್ಟಿಯನ್ನು ಕಿವಿಯ ಮೇಲಕ್ಕೆ ಸರಿಸಿ ಕೂರಿಸಿದಳು. ಕಿವಿಯ ತುದಿಗೆ ತನ್ನ ಬೆರಳಿನದೇ ಬಣ್ಣ. ಅಲ್ಲಿಗೊಂದು ಮುತ್ತು ಕೊಟ್ಟಳು.

ಆಮೇಲೆ, ಮೀನುಗಾರನ ಮಗಳಾಗಿ ಅಲೆಗಳನ್ನು ನೋಡುತ್ತಲೇ ಬೆಳೆದಿದ್ದ ಅರ್ಸೇಲಿಯಾ ಸಮುದ್ರದ ಕಡೆ ತಿರುಗಿದಳು. “ಇರು, ಇನ್ನೊಂದು ದೊಡ್ಡದು ಬರ್ತಿದೆ… ಹೋಗ್ಲಿ, ಹೋಗ್ಲಿ… ಹಾಂ, ಈಗ ಇಳಿ ಬಂಗಾರ!”

ಸುಲೈನಿ ಬಿಸಿಲಿನಲ್ಲಿ ಹೊಳೆಯುತ್ತಿದ್ದ ನೀರಿಗೆ ಇಳಿದಳು. ಟೋಪಿ ತಾಯಿಯ ಕಂಕುಳಲ್ಲೇ ಉಳಿಯಿತು.